ಪ್ರಾಸ್ಟೇಟ್‌ನಿಂದ ಎಫ್‌ಜಿಎಫ್-2 ತೆಗೆಯುವಾಗ ಉಪ್ಪಿನ ಲೆಕ್ಕ

ವಯಸ್ಸಾದಂತೆ ದಪ್ಪವಾಗುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಎಫ್‌ಜಿಎಫ್-2 ಸಿಗುತ್ತದೆ. ಇದು (ಫೈಬ್ರೊಬ್ಲಾಸ್ಟ್ ಗ್ರೋತ್ ಫ್ಯಾಕ್ಟರ್-2) ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುವ, ಸುಮಾರು 18 ಕಿಲೋಡಾಲ್ಟನ್‌ನ ಸಣ್ಣ ಪ್ರೋಟೀನ್. ಅಂಗಾಂಶವನ್ನು ತಣ್ಣಗಿಟ್ಟೇ ಅರೆಯಬೇಕು. ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯುವ ಇನ್‌ಹಿಬಿಟರ್ ಮೊದಲೇ ಬಫರ್‌ನಲ್ಲಿರಬೇಕು. ಪ್ರಾಸ್ಟೇಟ್‌ನಲ್ಲಿ ತುಂಬಿರುವ ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್) ಕೂಡ ಒಂದು ಪ್ರೋಟಿಯೇಸ್ ತಾನೇ! ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳುವುದು. ಇಷ್ಟು ಸುಲಭ.

ಉಪ್ಪು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ, ಯಾಕೆ?

ಅರೆಯುವಾಗ ಸೋಡಿಯಂ ಕ್ಲೋರೈಡ್ 1ರಿಂದ 2 ಮೋಲಾರ್. ಕಾಲಂಗೆ (ಪ್ರೋಟೀನ್ ಹಿಡಿಯುವ ಮಣಿಗಳು ತುಂಬಿದ ಕೊಳವೆ) ಹಾಕುವ ಮುಂಚೆ ಇಳಿಸಬೇಕು. ಕೊನೆಗೆ ಮತ್ತೆ ಏರಿಸಬೇಕು. ಸುಮ್ನೆ ಬಾಯಿಪಾಠ ಮಾಡಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ. ಚಾರ್ಜ್ ಹಿಡಿದು ಹೋಗಿ.

ಎಫ್‌ಜಿಎಫ್-2ರ ಐಸೋಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್; ಅದಕ್ಕಿಂತ ಕೆಳಗೆ ಪ್ರೋಟೀನ್ ಪಾಸಿಟಿವ್) ಸುಮಾರು 9.6. ಅಂದರೆ ಪಿಎಚ್ 7.4ರಲ್ಲಿ ಅದು ಪಾಸಿಟಿವ್. ಅಂಗಾಂಶದಲ್ಲಿ ಜೀವಕೋಶಗಳ ಸುತ್ತ ಇರುವ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿ ನೆಗೆಟಿವ್. ಎರಡೂ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಆ ಹಿಡಿತ ಬಿಡಿಸಲು ಜಾಸ್ತಿ ಉಪ್ಪು ಬೇಕು.

ಈಗ ಹೆಪರಿನ್-ಸೆಫರೋಸ್ ಕಾಲಂ (ಹೆಪರಿನ್ ಅಂಟಿಸಿದ ಮಣಿಗಳದ್ದು) ನೋಡಿ. ಹೆಪರಿನ್ ಎಂದರೆ ಹೆಪರಾನ್ ಸಲ್ಫೇಟ್‌ನ ಹತ್ತಿರದ ನೆಂಟ. ಅಲ್ಲಿ ಬಿಡಿಸಿದ್ದನ್ನು ಇಲ್ಲಿ ಮತ್ತೆ ಅಂಟಿಸಬೇಕು. 2 ಮೋಲಾರ್ ಉಪ್ಪಿನಲ್ಲೇ ಹಾಕಿದರೆ ನಮ್ಮ ಪ್ರೋಟೀನ್ ನಿಲ್ಲದೆ ಹರಿದುಹೋಗುತ್ತದೆ. ಹಾಗಾಗಿ ಡಯಾಲಿಸಿಸ್ ಮಾಡಿ (ಸಣ್ಣ ರಂಧ್ರದ ಪೊರೆಯ ಮೂಲಕ ಉಪ್ಪನ್ನು ಹೊರಬಿಟ್ಟು) 0.5-0.6 ಮೋಲಾರ್‌ಗೆ ತರಬೇಕು.

ಹಾಗಾದರೆ 0.1ಕ್ಕೇ ಇಳಿಸಬಹುದಲ್ವಾ? ಬೇಡ. ಅಷ್ಟು ಕಡಿಮೆ ಉಪ್ಪಿನಲ್ಲಿ ಪಾಸಿಟಿವ್ ಚಾರ್ಜ್ ಇರುವ ಸಿಕ್ಕಸಿಕ್ಕ ಪ್ರೋಟೀನ್ ಎಲ್ಲ ಬಂದು ಕೂರುತ್ತವೆ. 0.6ರಲ್ಲಿ ಬರೀ ಚಾರ್ಜಿನ ಆಸೆಗೆ ಬಂದವು ಹೆಚ್ಚಾಗಿ ನಿಲ್ಲುವುದಿಲ್ಲ. ಹೆಪರಿನ್ ಜೊತೆ ನಿಜವಾದ ನಂಟು ಇರುವವು ನಿಲ್ಲುತ್ತವೆ. ಆಮೇಲೆ ಉಪ್ಪನ್ನು ನಿಧಾನಕ್ಕೆ ಏರಿಸಿದರೆ, ಸುಮಾರು 1 ಮೋಲಾರ್‌ನಲ್ಲಿ ಎಫ್‌ಜಿಎಫ್-1, 1.5ರ ಆಸುಪಾಸಿನಲ್ಲಿ ಎಫ್‌ಜಿಎಫ್-2 ಕಾಲಂ ಬಿಟ್ಟು ಇಳಿಯುತ್ತದೆ. ಒಂದೇ ಕಾಲಂನಲ್ಲಿ ಅಣ್ಣತಮ್ಮಂದಿರು ಬೇರೆಯಾದರು! 1984ರಲ್ಲಿ ಕ್ಲಾಗ್ಸ್‌ಬ್ರನ್, ಫೋಕ್‌ಮನ್ ಮತ್ತು ಸಂಗಡಿಗರು ಗೆಡ್ಡೆಯ ಬೆಳವಣಿಗೆ ಅಂಶವೊಂದರಲ್ಲಿ ಈ ಹೆಪರಿನ್ ನಂಟನ್ನು ತೋರಿಸಿದ ಮೇಲೆ ಕೆಲಸ ಎಷ್ಟೋ ಹಗುರವಾಯಿತು.

ಕಾಲಂನಿಂದ ಹರಿದುಹೋದ ದ್ರವವನ್ನು ಚೆಲ್ಲಬೇಡಿ. ಪ್ರೋಟೀನ್ ಕಾಣೆಯಾದರೆ ಮೊದಲು ಹುಡುಕಬೇಕಾದ್ದು ಅಲ್ಲೇ.

ಶುದ್ಧತೆ

ಮಿಲಿಗ್ರಾಂಗೆ ಎಷ್ಟು ಯೂನಿಟ್ ಚಟುವಟಿಕೆ ಎಂದು ನೋಡುವುದು. ಉದಾಹರಣೆಗೆ, ಶುರುವಿನಲ್ಲಿ 1000 ಮಿಲಿಗ್ರಾಂನಲ್ಲಿ 10,000 ಯೂನಿಟ್, ಕೊನೆಗೆ 0.01 ಮಿಲಿಗ್ರಾಂನಲ್ಲಿ 2,000 ಯೂನಿಟ್ ಇದ್ದರೆ, ಇಳುವರಿ 20%, ಶುದ್ಧತೆ 20,000 ಪಟ್ಟು.

ಚಟುವಟಿಕೆ ಅಳೆಯುವುದು 3ಟಿ3 ಎಂಬ ಇಲಿಯ ಕೋಶಗಳ ಮೇಲೆ. ಅವು ಹೊಸ ಡಿಎನ್‌ಎ ಕಟ್ಟುತ್ತಿವೆಯಾ ಎಂದು ಡಿಎನ್‌ಎಯೊಳಗೆ ಸೇರಿಕೊಳ್ಳುವ, ಗುರುತು ಹಾಕಿದ ಥೈಮಿಡಿನ್‌ನಿಂದ ತಿಳಿಯುತ್ತದೆ. ಇಲ್ಲೂ ಉಪ್ಪು ಬಿಡುವುದಿಲ್ಲ. ಕಾಲಂನಿಂದ ಬಂದ ಮಾದರಿಯಲ್ಲಿ 1.5 ಮೋಲಾರ್ ಇರುತ್ತದೆ, ಕೋಶಗಳು ಬದುಕುವುದು 0.15ರ ಹತ್ತಿರ. ಚೆನ್ನಾಗಿ ತೆಳು ಮಾಡಿಯೇ ಹಾಕಿ. ಇಲ್ಲದಿದ್ದರೆ ಕೋಶಗಳು ಉಪ್ಪಿಗೇ ಸಾಯುತ್ತವೆ, ಎಫ್‌ಜಿಎಫ್-2 ಇದ್ದರೂ ಇಲ್ಲ ಎಂಬ ಫಲಿತಾಂಶ ಬರುತ್ತದೆ.