ಗುಳಿಗಿ ತೀರಿದ ಮ್ಯಾಲೆ ಯಾರನ್ನ ಕೇಳ್ಲಿ?

2009ರ ಅಕ್ಟೋಬರ್ ಹೊತ್ತಿಗೆ ತುಂಗಭದ್ರೆ ಉಕ್ಕಿ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಕೆಲವು ತಿಂಗಳ ಮೇಲೆ ವಿದೇಶದ ಒಂದು ಕ್ರೈಸ್ತ ಸಭೆಯಿಂದ, ಅಂದರೆ ಚರ್ಚಿನಿಂದ, ಹನ್ನೆರಡು ಜನರ ತಂಡ ಬಂತು. ಬಳ್ಳಾರಿಯ ಹುಡುಗ, ಇಂಗ್ಲಿಷ್ ಬರುತ್ತೆ ಅಂತ ಮಾತು ತರ್ಜುಮೆ ಮಾಡಲು ನನ್ನನ್ನು ಕರೆದರು. ನಾನೂ ಹುಟ್ಟಿನಿಂದ ಸಭೆಯವನೇ, ಖುಷಿಯಿಂದ ಹೋದೆ. ಆರೋಗ್ಯ ತಪಾಸಣೆ, ಮಕ್ಕಳಿಗೆ ಹಾಡು, ಆಮೇಲೆ ಪ್ರಾರ್ಥನೆ. ಬಿ.ಪಿ. ಇದ್ದವರಿಗೆಲ್ಲ ಒಂದು ತಿಂಗಳ ಗುಳಿಗೆ ಕೊಟ್ಟರು. ಒಬ್ಬ ಅಜ್ಜಿ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, “ಯಪ್ಪಾ, ಈ ಗುಳಿಗಿ ತೀರಿದ ಮ್ಯಾಲೆ ಯಾರನ್ನ ಕೇಳ್ಲಿ?” ಅಂದಳು. ತಂಡದ ಹಿರಿಯರಿಗೆ ತಿಳಿಸಿದೆ. ದೇವರ ಚಿತ್ತವಿದ್ದರೆ ಮುಂದಿನ ವರ್ಷ ಬರುತ್ತೇವೆ ಅಂದರು. ಅಜ್ಜಿಗೆ ಅದನ್ನೇ ಹೇಳಿದೆ. ಮರುದಿನ ತಂಡ ಹಂಪಿ ನೋಡಲು ಹೋಯಿತು, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ವಿಮಾನಕ್ಕೆ. ಮುಂದಿನ ವರ್ಷ ಯಾರೂ ಬರಲಿಲ್ಲ.

ಹತ್ತು ದಿನಕ್ಕೆ ಬಂದು ಹೋಗುವ ಇಂಥ ಮಿಷನ್ ಟ್ರಿಪ್‌ಗಳ ವಿಷಯ ಬಂದರೆ ನಮ್ಮಲ್ಲಿ ಒಬ್ಬರು ಸೇವೆ ಅನ್ನುತ್ತಾರೆ, ಇನ್ನೊಬ್ಬರು ಮತಾಂತರದ ಬಲೆ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬಂದವರನ್ನು ಆಮೇಲೆ ಹಿಡಿದು ಕೇಳುವುದು ಹೇಗೆ ಎಂಬ ಅಜ್ಜಿಯ ಪ್ರಶ್ನೆಗೆ ಇಬ್ಬರಲ್ಲೂ ಉತ್ತರವಿಲ್ಲ. ಬಳ್ಳಾರಿಯ ಮಟ್ಟಿಗೆ ಆ ಪ್ರಶ್ನೆಗೆ ಇನ್ನೂರು ವರ್ಷ ವಯಸ್ಸು.

ನಿಜಾಮ 1800ರಲ್ಲಿ ಬಿಟ್ಟುಕೊಟ್ಟ ದತ್ತಮಂಡಲದ ಭಾಗವಾಗಿ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಿತ್ತು. ಕಂಪನಿಗೆ ಪಾದ್ರಿಗಳೆಂದರೆ ಅಳುಕು. 1806ರ ವೆಲ್ಲೂರು ದಂಗೆಯ ಮೇಲಂತೂ, ಜನರ ಧರ್ಮಕ್ಕೆ ಕೈಹಾಕಿ ಸಿಪಾಯಿಗಳನ್ನು ಕೆರಳಿಸಿಯಾರು ಎಂಬ ಭಯ ಹೆಚ್ಚಿತ್ತು. ಮಿಷನರಿಗಳಿಗೆ ಬಾಗಿಲು ತೆರೆದದ್ದು ಕಂಪನಿಯ ಅಧಿಕಾರವನ್ನು ನವೀಕರಿಸಿ ಬ್ರಿಟಿಷ್ ಸಂಸತ್ತು ಮಾಡಿದ 1813ರ ಸನದು (ಚಾರ್ಟರ್) ಕಾಯ್ದೆ. ಅದಕ್ಕೂ ಮೂರು ವರ್ಷ ಮೊದಲೇ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಕೇಳಿಸುವ ಊರು ಇದು. ಹ್ಯಾಂಡ್ಸ್ ಕನ್ನಡ ಕಲಿತರು. ಅವರೂ ವಿಲಿಯಂ ರೀವ್ ಅವರೂ ದುಡಿದ ಇಡೀ ಬೈಬಲಿನ ಕನ್ನಡ ಅನುವಾದ ಪೂರ್ತಿ ಅಚ್ಚಾಗುವಾಗ 1831 ಆಗಿತ್ತು. ಅಂದರೆ ಬಂದು ಇಪ್ಪತ್ತೊಂದು ವರ್ಷ. ರೀವ್ ಅವರ ಕನ್ನಡ ನಿಘಂಟು 1832ರಲ್ಲಿ ಬಂತು. ನಂಬಿಕೆಯ ಸಂಬಂಧವೇ ಇಲ್ಲದವರಿಗೂ ಅದು ಉಪಯೋಗಕ್ಕೆ ಬಂತು. ಇಂದಿಗೂ ಊರಿನವರು ಹೆಸರು ಹಿಡಿದು ಹೇಳುವ ವಾರ್ಡ್ಲಾ ಶಾಲೆಯ ಶುರುವಾತು 1846ರದು.

ಇದನ್ನು ಹೇಳುವಾಗ ಎದೆ ಉಬ್ಬಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಊರಿನ ಪಕ್ಕದಲ್ಲೇ ಕಂಪನಿಯ ದಂಡು ಬೀಡುಬಿಟ್ಟಿತ್ತು. ಪಾದ್ರಿಯನ್ನು ಜನ ‘ದೊರೆ’ ಅಂದದ್ದು ಬರೀ ಗೌರವಕ್ಕಲ್ಲ, ಆಳುವವರ ಬಣ್ಣ ಅವರದೂ ಆಗಿತ್ತು. ಅಕ್ಷರ ಬೇಕೆಂದು ಬಂದ ಹುಡುಗ ಬೈಬಲ್ ಪಾಠಕ್ಕೂ ಕೂರಬೇಕಿತ್ತು. ಆದರೂ ಇಪ್ಪತ್ತು ವರ್ಷ ಒಂದೇ ಊರಲ್ಲಿ ಇದ್ದವನನ್ನು ಬಾಗಿಲಿಗೆ ಹೋಗಿ ಬೈಯಲು ಸಾಧ್ಯವಿತ್ತು. ಅವನ ಭಾಷೆಯಲ್ಲಲ್ಲ, ನಮ್ಮದರಲ್ಲಿ.

ಅನ್ನ ಮತ್ತು ನಂಬಿಕೆ ಒಂದಕ್ಕೊಂದು ಸಿಕ್ಕು ಹಾಕಿಕೊಂಡದ್ದು ಬರದಲ್ಲಿ. 1876ರಿಂದ 78ರವರೆಗಿನ, ಧಾತು ಮತ್ತು ಈಶ್ವರ ಸಂವತ್ಸರಗಳ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ತೀರಾ ಹಾಳಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರ ನೋಡಿಕೊಳ್ಳಲು ಬ್ರಿಟಿಷ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರದ ಕೆಲಸಕ್ಕೆ ಕಡಿತಗೊಳಿಸಿದ ಕೂಲಿಯ ಲೆಕ್ಕದಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಅದೇ ಪ್ರಾಂತ್ಯದ ಒಂಗೋಲಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲೋ, ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ತುಂಡನ್ನು ಗುತ್ತಿಗೆ ಹಿಡಿದು ಹಸಿದವರಿಗೆ ಕೆಲಸ ಕೊಟ್ಟರು. ಕೂಲಿ ನಡೆಯುವಷ್ಟು ಕಾಲ ಯಾರಿಗೂ ಕ್ರೈಸ್ತರಾಗುವ ದೀಕ್ಷಾಸ್ನಾನ ಕೊಡಲು ಒಪ್ಪಲಿಲ್ಲ. ಗಂಜಿಗಾಗಿ ಬಂದರು ಅನ್ನಿಸಿಕೊಳ್ಳಬಾರದು ಎಂಬ ಎಚ್ಚರ. ಪರಿಹಾರದ ಕೆಲಸ ನಿಂತ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಬಹುಪಾಲು ಮಾದಿಗರು. ಅನ್ನದ ಋಣ ಅವರನ್ನು ಕರೆತಂದಿತೋ, ಊರ ಹೊರಗಿಟ್ಟ ಜಾತಿಯಿಂದ ಹೊರಬರುವ ಆಸೆಯೋ, ನಂಬಿಕೆಯೋ ಎಂದು ತಕ್ಕಡಿ ಹಿಡಿದು ತೂಗುವವರು ಇದ್ದಾರೆ. ಬಡವನಿಗೆ ಸ್ವಂತ ಬುದ್ಧಿಯೇ ಇಲ್ಲ ಎಂಬಂತೆ ಮಾತಾಡುವುದು ನನಗೆ ಸೇರುವುದಿಲ್ಲ. ಆದರೆ ಕೊಡುವ ಕೈ ತನ್ನನ್ನೇ ತಡೆದುಕೊಳ್ಳಬೇಕು ಎಂಬುದು ಆಗಲೇ ಗೊತ್ತಿತ್ತು ಅನ್ನುವುದಕ್ಕೆ ಈ ಕಥೆ ಸಾಕ್ಷಿ.

ಹ್ಯಾಂಡ್ಸ್ ಬಳ್ಳಾರಿಗೆ ಬಂದು ಸರಿಯಾಗಿ ನೂರು ವರ್ಷಕ್ಕೆ, 1910ರಲ್ಲಿ, ಎಡಿನ್‌ಬರೋದಲ್ಲಿ ಮಿಷನರಿಗಳ ಜಾಗತಿಕ ಸಮ್ಮೇಳನ ನಡೆಯಿತು. ತಮಿಳುನಾಡಿನಲ್ಲಿ ಹುಟ್ಟಿ ತೆಲುಗು ಸೀಮೆಯ ದೋರ್ನಕಲ್‌ನಲ್ಲಿ ದುಡಿಯುತ್ತಿದ್ದ ಭಾರತೀಯ ಪಾದ್ರಿ ವಿ.ಎಸ್. ಅಜರಯ್ಯ ಅಲ್ಲಿ ಎದ್ದು ನಿಂತು ಹೇಳಿದ ಮಾತಿಗೆ ಸಭಾಂಗಣ ಕಸಿವಿಸಿಗೊಂಡಿತು. ನೀವು ತ್ಯಾಗ ಮಾಡಿದ್ದೀರಿ, ಬಡವರಿಗೆ ಉಣಿಸಿದ್ದೀರಿ, ಈಗ ನಮಗೆ ಸ್ನೇಹಿತರನ್ನು ಕೊಡಿ ಎಂಬ ಅರ್ಥದ ಮಾತು ಅದು. 1947ರಲ್ಲಿ ಹಲವು ಪ್ರಾಟೆಸ್ಟಂಟ್ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿ, ಲಂಡನ್ ಮಿಷನ್ನಿನ ಸಭೆಗಳೂ ಅದರೊಳಗೆ ಸೇರಿದವು.

ಸ್ವಾತಂತ್ರ್ಯದ ನಂತರ ಹೊಸ ವಿದೇಶಿ ಮಿಷನರಿಗಳಿಗೆ ವೀಸಾ ಬಿಗಿಯಾಗುತ್ತ ಬಂತು. ಅದೇ ಕಾಲಕ್ಕೆ ಜೆಟ್ ವಿಮಾನ ಬಂತು, ರಜೆಯಲ್ಲಿ ಯುವಕರನ್ನು ಹೊರದೇಶಕ್ಕೆ ಕಳಿಸುವ ಸಂಘಟನೆಗಳು ಬಂದವು; ಯೂತ್ ವಿತ್ ಎ ಮಿಷನ್ ಶುರುವಾದದ್ದು 1960ರಲ್ಲಿ. 2005ರ ಸುಮಾರಿಗೆ ಅಮೆರಿಕವೊಂದರಿಂದಲೇ ವರ್ಷಕ್ಕೆ 16 ಲಕ್ಷ ಜನ ಇಂಥ ಪಯಣ ಹೊರಡುತ್ತಿದ್ದರೆಂಬ ಅಂದಾಜಿದೆ. ವರ್ಷಗಟ್ಟಲೆ ಇರುವವರು ಕಡಿಮೆಯಾದರು, ವಾರಗಟ್ಟಲೆ ಬರುವವರು ಹೆಚ್ಚಿದರು. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಖರ್ಚಿನ ಲೆಕ್ಕವೂ ಇದೆ. 1998ರ ಮಿಚ್ ಚಂಡಮಾರುತದ ಬಳಿಕ ಹೊಂಡುರಾಸ್‌ನಲ್ಲಿ ಬಂದುಹೋಗುವ ತಂಡಗಳು ಕಟ್ಟಿದ ಮನೆಗಳನ್ನು ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅಧ್ಯಯನ ಮಾಡಿದರು. ವಿಮಾನದ ಖರ್ಚು ಸೇರಿದರೆ ಒಂದು ಮನೆಗೆ ಸುಮಾರು 30,000 ಡಾಲರ್. ಅಲ್ಲಿನ ಸಂಘಟನೆಗಳೇ ಕಟ್ಟಿದರೆ ಸುಮಾರು 2,000.

ನಮ್ಮ ಕಾನೂನಿನ ಪ್ರಕಾರ ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆ. ಹೊರಗಿನ ವೈದ್ಯರು ಚಿಕಿತ್ಸೆ ಕೊಡಲು ಇಲ್ಲಿನ ವೈದ್ಯಕೀಯ ಆಯೋಗದ ತಾತ್ಕಾಲಿಕ ಅನುಮತಿ ಬೇಕು. ಇದನ್ನು ಮುರಿದಾಗ ಬೆಲೆ ತೆರುವವರು ಯಾರು? ತಂಡ ವಾಪಸು ಹೋಗಿರುತ್ತದೆ. ಪೊಲೀಸ್ ಠಾಣೆಗೆ ಹೋಗುವವರು ಕರೆಸಿದ ಹಳ್ಳಿಯ ಪಾಸ್ಟರ್. 2022ರ ಕರ್ನಾಟಕದ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಎಂಬ ಪದದ ಹರವು ಬಹಳ ದೊಡ್ಡದು. ಪರಿಶಿಷ್ಟರು, ಮಹಿಳೆಯರು, ಅಪ್ರಾಪ್ತರ ವಿಷಯದಲ್ಲಿ 10 ವರ್ಷದವರೆಗೆ ಜೈಲು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆ ಕಾಯ್ದೆ ನನಗೆ ಒಪ್ಪಿಗೆಯಿಲ್ಲ, ನಂಬುವುದನ್ನು ಬದಲಿಸುವ ಹಕ್ಕು ಅವರವರದು. ಆದರೆ ಗುಳಿಗೆಯ ಸಾಲು ಮತ್ತು ಪ್ರಾರ್ಥನೆಯ ಸಾಲು ಒಂದೇ ಆಗಿದ್ದನ್ನು ಅಂದು ಕಣ್ಣಾರೆ ಕಂಡೂ ನಾನು ಸುಮ್ಮನಿದ್ದೆ.

ಇದನ್ನು ಹೊರಗಿನವರಷ್ಟೇ ಹೇಳುತ್ತಿಲ್ಲ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ಜಾಗತಿಕ ಮಂಡಳಿ, ಜಾಗತಿಕ ಇವಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಹೊರಡಿಸಿದ ಹೇಳಿಕೆಯಲ್ಲಿ ಬಡತನವನ್ನು ಬಳಸಿಕೊಳ್ಳುವುದು, ಹಣದ ಆಸೆ ತೋರಿಸುವುದು ಕ್ರೈಸ್ತ ನಂಬಿಕೆಯನ್ನು ಸಾರುವ ಕೆಲಸಕ್ಕೆ ತಕ್ಕದ್ದಲ್ಲ ಎಂದು ಸ್ಪಷ್ಟವಾಗಿದೆ. ನಮ್ಮ ಜಿಲ್ಲೆಯ ಎಷ್ಟು ಸಭೆಗಳಲ್ಲಿ ಅದನ್ನು ಓದಿ ಹೇಳಿದ್ದಾರೋ!

ಆ ಊರಿನ ಪಾಸ್ಟರನ್ನು ಆಮೇಲೆ ಭೇಟಿಯಾದೆ. ಗುಳಿಗೆ ತೀರಿದ ಅಜ್ಜಿಯನ್ನೂ ಇನ್ನಿಬ್ಬರನ್ನೂ ಒಬ್ಬೊಬ್ಬರನ್ನಾಗಿ ಬೈಕಿನ ಹಿಂದೆ ಕೂರಿಸಿಕೊಂಡು ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಚೀಟಿ ಮಾಡಿಸಿಕೊಟ್ಟಿದ್ದರು. ಇನ್ನೊಂದು ತಂಡ ಬರುತ್ತೇವೆಂದು ಬರೆದಿತ್ತಂತೆ. ಏನು ಉತ್ತರ ಕೊಟ್ಟಿರಿ ಎಂದು ಕೇಳಿದೆ. “ಬರ್ರಿ, ಆದ್ರ ಔಷಧ ತರಬ್ಯಾಡ್ರಿ, ಫೋಟೋ ತೆಗಿಬ್ಯಾಡ್ರಿ, ಬಿ.ಪಿ. ನೋಡೋ ಮಷಿನ್ ಒಂದು ಕೊಟ್ಟು ಹೋಗ್ರಿ ಅಂತ ಬರ್ದೀನಿ ಸರ್,” ಅಂದರು. ಆ ತಂಡದಿಂದ ಇನ್ನೂ ಉತ್ತರ ಬಂದಿರಲಿಲ್ಲ.