ಸಿಮ್ಯುಲೇಷನ್‌ನಲ್ಲಿ ಕಟ್‌ಆಫ್ ಎಷ್ಟಿಡಬೇಕು?

ಪ್ರಶ್ನೆ: ನಾನು ಮೈಸೂರಿನಲ್ಲಿ ಓದುತ್ತಿದ್ದೇನೆ. ಮಂಡ್ಯದ ಕಬ್ಬು ಬೆಳೆಗಾರರಲ್ಲಿ ತರಬೇತಿ ಪಡೆದವರು ಡ್ರಿಪ್ ಹಾಕಿಸುವುದು ಜಾಸ್ತಿಯಾ ಅಂತ ನೋಡಬೇಕು. ಎಷ್ಟು ಜನ ಬೇಕೆಂದು ತಿಳಿಯಲು ಲಾಜಿಸ್ಟಿಕ್ ರಿಗ್ರೆಷನ್‌ನ (ಹೌದು/ಇಲ್ಲ ಉತ್ತರಗಳನ್ನು ವಿಶ್ಲೇಷಿಸುವ ವಿಧಾನ) ಪವರ್ ಸಿಮ್ಯುಲೇಷನ್ ಮಾಡಿದೆ. ಅಂದರೆ ಕಂಪ್ಯೂಟರ್‌ನಲ್ಲಿ ಕಾಲ್ಪನಿಕ ರೈತರ ಡೇಟಾ ಹುಟ್ಟಿಸಿ, ಇರುವ ವ್ಯತ್ಯಾಸ ನೂರಕ್ಕೆ ಎಷ್ಟು ಸಲ ಪತ್ತೆಯಾಗುತ್ತದೆ (ಇದೇ ಪವರ್) ಎಂದು ನೋಡಿದೆ. ರೈತನ ಸಂಭವನೀಯತೆ ಕಟ್‌ಆಫ್ ದಾಟಿದರೆ ಅವನು ಡ್ರಿಪ್ ಹಾಕಿಸಿದ ಎಂದು ಲೆಕ್ಕ ಹಿಡಿದೆ. ಕಟ್‌ಆಫ್ 0.5 ಇಟ್ಟರೆ ಯಾರೂ ಡ್ರಿಪ್ ಹಾಕಿಸುವುದಿಲ್ಲ. 0.25 ಇಟ್ಟರೆ ಪವರ್ ಸೊನ್ನೆ ಬರುತ್ತದೆ. ಎಷ್ಟಿಡಲಿ?

ಉತ್ತರ: ಎಷ್ಟೂ ಇಡಬೇಡಿ. ಡೇಟಾ ಹುಟ್ಟಿಸುವ ಹಂತದಲ್ಲಿ ಕಟ್‌ಆಫ್‌ಗೆ ಕೆಲಸವೇ ಇಲ್ಲ. ಮೊದಲ ಸಲ ನಾನೂ ಹೀಗೇ ಮಾಡಿ ಒಂದು ದಿನ ಕಳೆದುಕೊಂಡಿದ್ದೆ.

ತರಬೇತಿ ಇಲ್ಲದವರಲ್ಲಿ ನೂರಕ್ಕೆ 20 ಜನ ಡ್ರಿಪ್ ಹಾಕಿಸುತ್ತಾರೆ, ತರಬೇತಿಯಿಂದ ಆಡ್ಸ್ (ಹಾಕಿಸುವವರನ್ನು ಹಾಕಿಸದವರಿಂದ ಭಾಗಿಸಿದ ಸಂಖ್ಯೆ, ಇಲ್ಲಿ 20/80) ಎರಡು ಪಟ್ಟಾಗುತ್ತದೆ ಎಂದು ಸುಮ್ನೆ ಊಹಿಸೋಣ. ಆಡ್ಸ್ 0.25 ಇದ್ದದ್ದು 0.5 ಆಯಿತು. ಅಂದರೆ ಸಂಭವನೀಯತೆ 0.33. ಎರಡೂ 0.5ಕ್ಕಿಂತ ಕಡಿಮೆ, ಹಾಗಾಗಿ ನಿಮ್ಮ ಊರಿನಲ್ಲಿ ಒಬ್ಬನೂ ಡ್ರಿಪ್ ಹಾಕಿಸಲಿಲ್ಲ. ಕಟ್‌ಆಫ್ 0.25ಕ್ಕೆ ಇಳಿಸಿದಿರಿ. ಈಗ ತರಬೇತಿ ಪಡೆದವರೆಲ್ಲ ಹಾಕಿಸಿದರು, ಉಳಿದವರು ಒಬ್ಬರೂ ಇಲ್ಲ. ಇಷ್ಟು ಸ್ಪಷ್ಟ ವ್ಯತ್ಯಾಸವಿದ್ದೂ ಪವರ್ ಸೊನ್ನೆ ಯಾಕೆ? ಹೀಗೆ ಪೂರ್ತಿ ಬೇರ್ಪಟ್ಟ ಡೇಟಾದಲ್ಲಿ ಗುಣಾಂಕ (ತರಬೇತಿಯ ಪರಿಣಾಮ ಎಷ್ಟೆಂದು ಹೇಳುವ ಸಂಖ್ಯೆ) ಅನಂತದ ಕಡೆ ಓಡುತ್ತದೆ. ಸ್ಟ್ಯಾಂಡರ್ಡ್ ಎರರ್ (ಆ ಅಂದಾಜಿನ ಅನಿಶ್ಚಿತತೆ) ಅದಕ್ಕಿಂತ ಜೋರಾಗಿ ಉಬ್ಬುತ್ತದೆ, ಪಿ ವ್ಯಾಲ್ಯೂ (ಚಿಕ್ಕದಾಗಿದ್ದರೆ ಮಾತ್ರ ‘ವ್ಯತ್ಯಾಸ ಇದೆ’ ಎನ್ನುವ ಸಂಖ್ಯೆ) 1ರ ಹತ್ತಿರ ಹೋಗಿ ಕೂರುತ್ತದೆ.

0.33 ಅಂದರೆ ಡಬ್ಬಿಯಲ್ಲಿ ಮೂರು ಚೀಟಿ, ಒಂದರಲ್ಲಿ ಮಾತ್ರ ‘ಹೌದು’. ಪ್ರತಿ ರೈತನಿಗೂ ಹೊಸದಾಗಿ ಚೀಟಿ ಎತ್ತಬೇಕು. 0 ಮತ್ತು 1ರ ನಡುವೆ ಒಂದು ರ‍್ಯಾಂಡಮ್ ಸಂಖ್ಯೆ ತೆಗೆಯಿರಿ. ಅದು ಆ ರೈತನ ಸಂಭವನೀಯತೆಗಿಂತ ಕಡಿಮೆ ಇದ್ದರೆ 1 (ಹಾಕಿಸಿದ), ಇಲ್ಲದಿದ್ದರೆ 0. ಆರ್ (R) ಸಾಫ್ಟ್‌ವೇರ್ ಬಳಸುವವರಿಗೆ ಅದರ ಆರ್‌ಬೈನಾಮ್ (rbinom) ಫಂಕ್ಷನ್ ಇದನ್ನೇ ಮಾಡಿಕೊಡುತ್ತದೆ. ಸಂಭವನೀಯತೆ ಲೆಕ್ಕ ಹಾಕಲು ನೀವು ಕೊಡಬೇಕಾದ್ದು ಇಂಟರ್ಸೆಪ್ಟ್, ಅಂದರೆ ತರಬೇತಿ ಇಲ್ಲದವರ ಆರಂಭದ ಮಟ್ಟ, -1.386 (0.25ರ ನ್ಯಾಚುರಲ್ ಲಾಗ್), ತರಬೇತಿಯ ಗುಣಾಂಕ 0.693 (2ರ ಲಾಗ್).

ಕಟ್‌ಆಫ್ ಗೆರೆ ಬೇಕಾಗುವುದು ಕೊನೆಯಲ್ಲಿ, ಪಿ ವ್ಯಾಲ್ಯೂಗೆ. ಸಾಮಾನ್ಯವಾಗಿ 0.05. ಅದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಪವರ್ ನೋಡಿಕೊಂಡು ಎಳೆದಾಡಬೇಡಿ. ಗುಣಾಂಕವನ್ನು ಸೊನ್ನೆ ಮಾಡಿಯೂ ಒಮ್ಮೆ ಓಡಿಸಿ. 1000 ಸಲದಲ್ಲಿ ಸುಮಾರು 50 ಸಲ ಮಾತ್ರ ‘ವ್ಯತ್ಯಾಸ ಇದೆ’ ಎಂದು ಬರಬೇಕು. 200 ಬಂದರೆ ಕೋಡ್‌ನಲ್ಲಿ ಏನೋ ಎಡವಟ್ಟಾಗಿದೆ.

ಈ ಊಹೆಗಳಿಗೆ 80 ಪರ್ಸೆಂಟ್ ಪವರ್ ಬೇಕಾದರೆ ಒಂದೊಂದು ಗುಂಪಿಗೆ 175ರ ಆಸುಪಾಸು ಜನ ಬೇಕಾಗುತ್ತಾರೆ. ಸ್ವಲ್ಪ ಜಾಸ್ತಿಯೇ ಹೆಸರು ಬರೆದಿಟ್ಟುಕೊಳ್ಳಿ. ಕಟಾವಿನ ಹೊತ್ತಿಗೆ ಸರ್ವೆಗೆ ಹೋದರೆ ಅರ್ಧ ಜನ ಮನೆಯಲ್ಲಿ ಸಿಗುವುದಿಲ್ಲ.