ರಾತ್ರಿ ಪಾಳಿ ಯಾರ ಪಾಲಿಗೆ?

ತಿಂಗಳ ಕೊನೆಯ ರಾತ್ರಿ, ಎರಡೂ ಮುಕ್ಕಾಲಿಗೆ ದಿಂಬಿನ ಪಕ್ಕದ ಫೋನು ಕೂಗುತ್ತದೆ. ಸೈಲೆಂಟ್‌ನಲ್ಲಿಟ್ಟಿದ್ದರೂ ಕೂಗುತ್ತದೆ, ಏಕೆಂದರೆ ಆ ಒಂದು ಆ್ಯಪ್‌ಗೆ ಮಾತ್ರ ಹಾಗೆ ಕೂಗಲು ಅನುಮತಿ ಕೊಟ್ಟಿರುತ್ತದೆ. ಐದು ನಿಮಿಷದೊಳಗೆ ಕರೆಯನ್ನು ಒಪ್ಪಿಕೊಳ್ಳದಿದ್ದರೆ ಅದು ಪಟ್ಟಿಯಲ್ಲಿನ ಎರಡನೆಯವರಿಗೆ, ಅವರೂ ಏಳದಿದ್ದರೆ ಮ್ಯಾನೇಜರ್‌ಗೆ ಹೋಗುತ್ತದೆ. ಲ್ಯಾಪ್‌ಟಾಪ್ ತೆರೆದು ಯಂತ್ರ ಬರೆದಿಟ್ಟ ಲಾಗ್ ನೋಡಿದರೆ, ಗ್ರಾಹಕ ಕಂಪನಿಯೊಂದರ ಸಂಬಳದ ಬ್ಯಾಚ್, ಅಂದರೆ ಒಟ್ಟಿಗೆ ಓಡಿಸುವ ಲೆಕ್ಕದ ಕಂತು, ಸಾವಿರಾರು ನೌಕರರ ಲೆಕ್ಕವನ್ನು ಸರಾಗವಾಗಿ ಮುಗಿಸಿ ಒಬ್ಬರ ದಾಖಲೆಯ ಮುಂದೆ ನಿಂತುಬಿಟ್ಟಿದೆ. ಆ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕವು ಕೆಲಸಕ್ಕೆ ಸೇರಿದ ದಿನಾಂಕಕ್ಕಿಂತ ಹಿಂದಿನದು. ಹಗಲಿನಲ್ಲಿ ಯಾರೋ ಇಸವಿಯನ್ನು ತಪ್ಪಾಗಿ ಒತ್ತಿದ್ದಾರೆ. ಬ್ಯಾಂಕಿಗೆ ಹೋಗಬೇಕಾದ ಫೈಲ್ ಬೆಳಗಿನ ಆರಕ್ಕೆ ಸಿದ್ಧವಿರಬೇಕು. ಆ ಒಂದು ದಾಖಲೆಯನ್ನು ಬದಿಗಿಟ್ಟು, ಬ್ಯಾಚನ್ನು ನಿಂತಲ್ಲಿಂದಲೇ ಮತ್ತೆ ಓಡಿಸಿ, ತೊಂದರೆಯನ್ನು ದಾಖಲಿಸುವ ‘ಟಿಕೆಟ್‌’ನಲ್ಲಿ ನಾಲ್ಕು ಸಾಲು ಬರೆದು ಮಲಗುವಷ್ಟರಲ್ಲಿ ನಾಲ್ಕು ಗಂಟೆ ದಾಟಿರುತ್ತದೆ. ಒಂಬತ್ತೂವರೆಗೆ ತಂಡದ ಸ್ಟ್ಯಾಂಡ್-ಅಪ್ ಮೀಟಿಂಗ್ ಇರುತ್ತದೆ.

ಸಂಬಳ, ಲೆಕ್ಕಪತ್ರ, ದಾಸ್ತಾನು, ಬಿಲ್ಲಿಂಗ್‌ನಂತಹ ಕೆಲಸಗಳಿಗೆ ಸಾಫ್ಟ್‌ವೇರ್ ಒದಗಿಸುವ ಕಂಪನಿಗಳಲ್ಲಿ ಇದನ್ನು ‘ಆನ್-ಕಾಲ್’ ಎನ್ನುತ್ತಾರೆ. ಸಾಮಾನ್ಯವಾಗಿ ವಾರಕ್ಕೊಬ್ಬರಂತೆ ರೋಸ್ಟರ್‌ನಲ್ಲಿ ಹೆಸರು ತಿರುಗುತ್ತದೆ, ಸರದಿ ಬಂದ ವಾರ ಲ್ಯಾಪ್‌ಟಾಪ್ ಬಿಟ್ಟು ಸಿನಿಮಾಕ್ಕೂ ಹೋಗುವಂತಿಲ್ಲ. ಹೊಸದಾಗಿ ಸೇರಿದವರು ಇದನ್ನು ಈ ವೃತ್ತಿಯ ಹುಟ್ಟುಗುಣವೆಂದೇ ತಿಳಿಯುತ್ತಾರೆ. ಯಂತ್ರ ಹಗಲಿರುಳೂ ಓಡುತ್ತದೆ, ಆದ್ದರಿಂದ ಅದನ್ನು ನೋಡಿಕೊಳ್ಳುವವರೂ ಎಚ್ಚರವಾಗಿರಬೇಕು ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ಆದರೆ ಯಂತ್ರಗಳು ಎಪ್ಪತ್ತು ವರ್ಷಗಳಿಂದ ರಾತ್ರಿ ಓಡುತ್ತಿವೆ. ಪ್ರೋಗ್ರಾಂ ಬರೆದವರೇ ರಾತ್ರಿ ಎದ್ದು ಕೂರುವುದು ರೂಢಿಯಾದದ್ದು ಬಹುಮಟ್ಟಿಗೆ ಕಳೆದ ಎರಡು ದಶಕಗಳಲ್ಲಿ. ಇದಕ್ಕೆ ಯಂತ್ರಕ್ಕಿಂತ ವ್ಯಾಪಾರದ ಕರಾರೇ ಹೆಚ್ಚು ಕಾರಣವೆಂದು ನನಗನಿಸುತ್ತದೆ. ಸಾಫ್ಟ್‌ವೇರನ್ನು ಮಾರುವುದು ಬಿಟ್ಟು ಬಾಡಿಗೆಗೆ ಕೊಡಲು ಆರಂಭಿಸಿದಾಗ, ಅಲ್ಲಿಯವರೆಗೆ ಕೊಂಡವರ ಮನೆಯಲ್ಲಿದ್ದ ರಾತ್ರಿ ಮಾಡಿದವರ ಮನೆಗೆ ಬಂತು.

ಕಂಪ್ಯೂಟರಿನಲ್ಲಿ ನಿಯತವಾಗಿ ವ್ಯಾಪಾರದ ಲೆಕ್ಕ ಮಾಡಿದ ಮೊದಲ ಸಂಸ್ಥೆ ಚಹಾದಂಗಡಿಗಳನ್ನು ನಡೆಸುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಕಂಪನಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಯಂತ್ರದ ಮಾದರಿಯಲ್ಲಿ ತಾನೇ ಕಟ್ಟಿಸಿಕೊಂಡ ‘ಲಿಯೋ’ ಎಂಬ ಕಂಪ್ಯೂಟರಿನಲ್ಲಿ ಅದು 1951ರ ನವೆಂಬರ್‌ನಲ್ಲಿ ಬೇಕರಿ ಉತ್ಪನ್ನಗಳ ಮೌಲ್ಯದ ಲೆಕ್ಕವನ್ನು ಆರಂಭಿಸಿತು, 1954ರಲ್ಲಿ ಸಿಬ್ಬಂದಿಯ ಸಂಬಳದ ಲೆಕ್ಕವನ್ನೂ ಅದಕ್ಕೆ ಒಪ್ಪಿಸಿತು. ನುರಿತ ಗುಮಾಸ್ತರೊಬ್ಬರು ಒಬ್ಬ ನೌಕರನ ಸಂಬಳ ಲೆಕ್ಕ ಹಾಕಲು ಸುಮಾರು 8 ನಿಮಿಷ ತೆಗೆದುಕೊಳ್ಳುತ್ತಿದ್ದಲ್ಲಿ ಲಿಯೋಗೆ 1.5 ಸೆಕೆಂಡು ಸಾಕಾಗುತ್ತಿತ್ತು. ಆದರೆ ಅದರೊಳಗೆ ಇದ್ದದ್ದು ಬಲ್ಬಿನಂಥ ಸಾವಿರಾರು ಗಾಜಿನ ವಾಲ್ವ್‌ಗಳು. ಅವು ಆಗಾಗ ಕೆಡುತ್ತಿದ್ದವು, ಸಂಬಳದ ದಿನ ಮಾತ್ರ ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಅಲ್ಲಿ ಪ್ರೋಗ್ರಾಂ ಬರೆಯುವ ತಂಡವನ್ನು ನಡೆಸುತ್ತಿದ್ದ ಡೇವಿಡ್ ಕ್ಯಾಮಿನರ್, ಎಲ್ಲ ಅಪವಾದಗಳನ್ನೂ ಮೊದಲೇ ಊಹಿಸಿ ಪರೀಕ್ಷಿಸದೆ ಯಾವ ಕೆಲಸವನ್ನೂ ಯಂತ್ರಕ್ಕೆ ಬಿಡದ ಕಟ್ಟುನಿಟ್ಟಿನ ಮನುಷ್ಯ ಎಂದು ಹೆಸರಾಗಿದ್ದವರು. ಬರೆಯುವವರು, ಓಡಿಸುವವರು, ಫಲಿತಾಂಶ ಬಳಸುವವರು ಎಲ್ಲರೂ ಒಂದೇ ಕಂಪನಿಯವರಾಗಿದ್ದರಿಂದ ರಾತ್ರಿ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವಂತೆಯೇ ಇರಲಿಲ್ಲ.

ಕಂಪ್ಯೂಟರುಗಳು ದೊಡ್ಡ ಕಚೇರಿಗಳಿಗೆ ಹರಡಿದಂತೆ ಕೆಲಸ ಎರಡಾಗಿ ಸೀಳಿತು. ಪ್ರೋಗ್ರಾಮರ್ ಹಗಲಿನಲ್ಲಿ ಕಾಗದದ ಮೇಲೆ ಬರೆಯುತ್ತಿದ್ದರು, ಅದನ್ನು ಕಾರ್ಡಿನಲ್ಲಿ ರಂಧ್ರವಾಗಿಸುವವರು ಬೇರೆ ಇದ್ದರು, ರಾತ್ರಿ ಟೇಪುಗಳನ್ನು ಏರಿಸಿ ಇಳಿಸಿ ಬ್ಯಾಚುಗಳನ್ನು ಓಡಿಸಲು ಆಪರೇಟರುಗಳ ಪಾಳಿ ಇತ್ತು. ಪ್ರೋಗ್ರಾಂ ನಡುವೆ ನಿಂತರೆ ಏನು ಮಾಡಬೇಕೆಂದು ಬರೆದಿಟ್ಟ ಪುಸ್ತಕವೊಂದು ಆಪರೇಟರರ ಕೈಯಲ್ಲಿರುತ್ತಿತ್ತು. ಅದೇ ‘ರನ್‌ಬುಕ್’, ಇಂದಿಗೂ ಹೆಸರು ಬದಲಾಗಿಲ್ಲ. ಪುಸ್ತಕದಲ್ಲಿ ಉತ್ತರವಿಲ್ಲದಿದ್ದರೆ ಯಂತ್ರದ ಮೆಮೊರಿಯಲ್ಲಿದ್ದದ್ದನ್ನೆಲ್ಲ ಅಂಕಿಗಳಾಗಿ ಮುದ್ರಿಸಿದ ದಪ್ಪ ಕಟ್ಟೊಂದು ಬೆಳಿಗ್ಗೆ ಪ್ರೋಗ್ರಾಮರ್‌ ಮೇಜಿನ ಮೇಲೆ ಕಾದಿರುತ್ತಿತ್ತು. ಮನೆಗೆ ಫೋನು ಬರುವುದೇ ಇಲ್ಲವೆಂದಲ್ಲ. ಸಂಬಳ ಅಥವಾ ವರ್ಷಾಂತ್ಯದ ಲೆಕ್ಕ ನಿಂತಾಗ ಬರುತ್ತಿತ್ತು, ಆದರೆ ಅದು ರೋಸ್ಟರ್ ಹಾಕಿ ಕಾಯುವಂತಹ ನಿತ್ಯದ ಸಂಗತಿಯಾಗಿರಲಿಲ್ಲ.

1969ರ ಜೂನ್‌ನಲ್ಲಿ ಐಬಿಎಂ ತನ್ನ ಸಾಫ್ಟ್‌ವೇರ್ ಮತ್ತು ಸೇವೆಗಳಿಗೆ ಯಂತ್ರದಿಂದ ಪ್ರತ್ಯೇಕವಾಗಿ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. ಅದುವರೆಗೆ ಯಂತ್ರದ ಜೊತೆ ಉಚಿತವೆಂಬಂತೆ ಬರುತ್ತಿದ್ದ ಸಾಫ್ಟ್‌ವೇರ್ ಬಿಡಿಯಾಗಿ ಮಾರಬಹುದಾದ ಸರಕಾಯಿತು, ಅದನ್ನೇ ಕಸುಬಾಗಿಸಿಕೊಂಡ ಕಂಪನಿಗಳಿಗೆ ದಾರಿ ತೆರೆಯಿತು. ಐಬಿಎಂ ತೊರೆದ ಐವರು ಎಂಜಿನಿಯರುಗಳು 1972ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಎಸ್‌ಎಪಿ ಅಂಥವುಗಳಲ್ಲೊಂದು. ಅದರ ಮೊದಲ ವರ್ಷಗಳ ದಿನಚರಿ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು: ಅವರಲ್ಲಿ ಸ್ವಂತ ಕಂಪ್ಯೂಟರೇ ಇರಲಿಲ್ಲ. ಗ್ರಾಹಕರ ಕಂಪ್ಯೂಟರ್ ಕೇಂದ್ರಗಳಿಗೆ ಹೋಗಿ, ಹಗಲಿನಲ್ಲಿ ಆ ಯಂತ್ರ ಗ್ರಾಹಕರದೇ ಕೆಲಸದಲ್ಲಿರುತ್ತಿದ್ದರಿಂದ, ಹೆಚ್ಚಾಗಿ ರಾತ್ರಿ ಮತ್ತು ವಾರಾಂತ್ಯಗಳಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ತನ್ನದೇ ಯಂತ್ರವನ್ನು ಅದು ಬಳಸಲಾರಂಭಿಸಿದ್ದು 1970ರ ದಶಕದ ಕೊನೆಗೆ. ವ್ಯಾಪಾರದ ಸಾಫ್ಟ್‌ವೇರ್ ಉದ್ಯಮ ರಾತ್ರಿಯಲ್ಲೇ ಹುಟ್ಟಿತಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅದು ಸ್ಥಾಪಕರು ತಾವಾಗಿ ಆರಿಸಿಕೊಂಡ ರಾತ್ರಿ, ಬೆಳಗಾದರೆ ಯಂತ್ರವೂ ಅದರ ಚಿಂತೆಯೂ ಗ್ರಾಹಕರಿಗೇ ಸೇರುತ್ತಿದ್ದವು.

ಮುಂದಿನ ಕಾಲು ಶತಮಾನ ಇದೇ ಏರ್ಪಾಡು ಸ್ವಲ್ಪ ವೇಷ ಬದಲಿಸಿ ಮುಂದುವರಿಯಿತು. 1992ರಲ್ಲಿ ಎಸ್‌ಎಪಿಯ ಆರ್/3 ಎಂಬ ಸಾಫ್ಟ್‌ವೇರ್ ಬಂದು ದೊಡ್ಡ ಯಂತ್ರದ ಜಾಗದಲ್ಲಿ ಸರ್ವರ್‌ಗಳು ಕುಳಿತಾಗಲೂ, ಸರ್ವರ್ ಇದ್ದದ್ದು ಕೊಂಡವರ ಕಟ್ಟಡದಲ್ಲಿ, ಅದನ್ನು ಕಾಯುತ್ತಿದ್ದದ್ದು ಅವರದೇ ಐಟಿ ವಿಭಾಗ. ಸಾಫ್ಟ್‌ವೇರ್ ಕಂಪನಿಯಲ್ಲಿ ಫೋನ್ ಎತ್ತಲು ಸಪೋರ್ಟ್ ವಿಭಾಗ ಬೆಳೆಯಿತು, ತೊಂದರೆಯ ತೀವ್ರತೆಗೆ ತಕ್ಕಂತೆ ಟಿಕೆಟ್‌ಗಳಿಗೆ ಪಿ-ಒನ್, ಪಿ-ಟೂ ಎಂಬ ದರ್ಜೆಗಳು ಬಂದವು, ಪ್ರೋಗ್ರಾಂ ಬರೆಯುವ ಡೆವಲಪರ್ ಮಾತ್ರ ಎರಡು ಮೂರು ಗೋಡೆಗಳಾಚೆ ಮುಂದಿನ ರಿಲೀಸ್‌ನ ಕೆಲಸದಲ್ಲಿ ಮುಳುಗಿರುತ್ತಿದ್ದರು. ತಪ್ಪು ತಿದ್ದುವ ಪ್ಯಾಚ್ ಸಿ.ಡಿ.ಯಲ್ಲಿ ಹೋಗುತ್ತಿದ್ದ ಕಾಲದಲ್ಲಿ ಡೆವಲಪರನ್ನು ರಾತ್ರಿ ಎಬ್ಬಿಸಿ ಪ್ರಯೋಜನವೂ ಇರಲಿಲ್ಲ. ನಿದ್ದೆಗೆಡುವುದೇನಿದ್ದರೂ ಹೊಸ ವ್ಯವಸ್ಥೆ ಚಾಲೂ ಆಗುವ ‘ಗೋ-ಲೈವ್’ ವಾರಾಂತ್ಯದಲ್ಲಿ. ಉದ್ಯಮಕ್ಕೆ ಉದ್ಯಮವೇ ಒಟ್ಟಿಗೆ ನಿದ್ದೆಗೆಟ್ಟದ್ದು 1999ರ ಡಿಸೆಂಬರ್ 31ರ ರಾತ್ರಿ, ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದು ಜಾಗ ಉಳಿಸುತ್ತಿದ್ದ ಕಾರ್ಡಿನ ಕಾಲದ ಮಿತವ್ಯಯ ಏನು ಮಾಡೀತೋ ಎಂದು ಕಾದು.

ನಿಜವಾದ ತಿರುವು ಬಂದದ್ದೂ ಅದೇ ವರ್ಷಗಳಲ್ಲಿ, ಆದರೆ ಸದ್ದಿಲ್ಲದೆ. 1999ರಲ್ಲಿ ಸ್ಥಾಪನೆಯಾದ ಸೇಲ್ಸ್‌ಫೋರ್ಸ್ ಮತ್ತು ಆ ದಾರಿ ಹಿಡಿದ ಇತರ ಕಂಪನಿಗಳು ಸಾಫ್ಟ್‌ವೇರನ್ನು ಗ್ರಾಹಕರ ಯಂತ್ರದಲ್ಲಿ ಸ್ಥಾಪಿಸುವ ಬದಲು ತಮ್ಮ ಸರ್ವರ್‌ಗಳಲ್ಲೇ ನಡೆಸಿ, ಬ್ರೌಸರ್ ಮೂಲಕ ಬಳಸಲು ಚಂದಾ ಪಡೆಯತೊಡಗಿದವು. ಸಾವಿರಾರು ಗ್ರಾಹಕರು ಒಂದೇ ವ್ಯವಸ್ಥೆಯನ್ನು ಹಂಚಿಕೊಂಡಾಗ ಒಂದು ತಪ್ಪು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುತ್ತದೆ; ಒಬ್ಬ ಗ್ರಾಹಕರ ರಾತ್ರಿ ಇನ್ನೊಬ್ಬ ಗ್ರಾಹಕರ ನಡುಹಗಲು. ಕರಾರು ಪತ್ರದಲ್ಲಿ ಸೇವೆ ಶೇ 99.9ರಷ್ಟು ಕಾಲ ಲಭ್ಯವಿರುತ್ತದೆ ಎಂಬ ಸಾಲು ಸೇರಿತು. ಮೂವತ್ತು ದಿನಗಳ ತಿಂಗಳಲ್ಲಿ 43,200 ನಿಮಿಷಗಳಿವೆ, ಆದ್ದರಿಂದ ಈ ಭರವಸೆಯ ಅರ್ಥ ತಿಂಗಳಿಗೆ 43 ನಿಮಿಷ ಮಾತ್ರ ನಿಲ್ಲಬಹುದು ಎಂದು. ಮಾರಾಟದವರು ಇನ್ನೊಂದು ಒಂಬತ್ತನ್ನು ಸೇರಿಸಿ ಶೇ 99.99 ಎಂದು ಬರೆದರೆ ಉಳಿಯುವುದು ನಾಲ್ಕು ನಿಮಿಷ ಚಿಲ್ಲರೆ. ಗಾಢನಿದ್ದೆಯಿಂದ ಎದ್ದು, ಕನ್ನಡಕ ಹುಡುಕಿ, ಪಾಸ್‌ವರ್ಡ್ ಹೊಡೆಯುವಷ್ಟರಲ್ಲಿ ಆ ತಿಂಗಳ ಪಾಲು ಮುಗಿದಿರುತ್ತದೆ. ಆ ಅಂಕಿಯನ್ನು ನಿಜವಾಗಿ ಉಳಿಸಿಕೊಳ್ಳಬೇಕಾದರೆ ಕೆಟ್ಟ ಭಾಗವನ್ನು ಬಿಟ್ಟು ತಾನೇ ಮುಂದುವರಿಯುವ ವ್ಯವಸ್ಥೆಯನ್ನು ಕಟ್ಟಬೇಕು, ಅದಕ್ಕೆ ಹಣವೂ ಕಾಲವೂ ಹಿಡಿಯುತ್ತದೆ. ಮನುಷ್ಯರನ್ನು ಎಬ್ಬಿಸುವುದು ಅಗ್ಗ.

ಆದರೂ ಡೆವಲಪರನ್ನೇ ಏಕೆ ಎಬ್ಬಿಸಬೇಕು? ಇದಕ್ಕೆ ಸಿದ್ಧಾಂತದ ರೂಪ ಸಿಕ್ಕಿದ್ದು 2006ರಲ್ಲಿ, ಅಮೆಜಾನ್‌ನ ತಾಂತ್ರಿಕ ಮುಖ್ಯಸ್ಥ ವರ್ನರ್ ವೋಗೆಲ್ಸ್ ಸಂದರ್ಶನವೊಂದರಲ್ಲಿ ‘ಕಟ್ಟಿದವರೇ ನಡೆಸಬೇಕು’ ಎಂಬ ಅರ್ಥದ ಮಾತನ್ನು ಹೇಳಿದಾಗ. ಬರೆದವರು ಒಂದು ಕಡೆ, ಓಡಿಸುವವರು ಇನ್ನೊಂದು ಕಡೆ ಇದ್ದರೆ ಬರೆದವರಿಗೆ ತಮ್ಮ ತಪ್ಪಿನ ಬಿಸಿ ತಟ್ಟುವುದಿಲ್ಲ, ಆದ್ದರಿಂದ ನಡುವಿನ ಗೋಡೆಯನ್ನೇ ಕೆಡವಬೇಕೆಂಬುದು ಅದರ ತಿರುಳು. 2009ರಲ್ಲಿ ಫೋಟೊ ಹಂಚಿಕೊಳ್ಳುವ ತಾಣ ಫ್ಲಿಕರ್‌ನ ಇಬ್ಬರು ಎಂಜಿನಿಯರುಗಳು ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ಹೊಸ ಕೋಡ್ ಬಿಡುಗಡೆ ಮಾಡುವ ಬಗೆಯನ್ನು ಸಮ್ಮೇಳನವೊಂದರಲ್ಲಿ ವಿವರಿಸಿದರು. ಅದೇ ವರ್ಷದ ಕೊನೆಗೆ ಬೆಲ್ಜಿಯಂನ ಗೆಂಟ್ ನಗರದಲ್ಲಿ ನಡೆದ ಸಭೆಯಿಂದ, ಬರೆಯುವ ‘ಡೆವಲಪ್‌ಮೆಂಟ್’ ಮತ್ತು ನಡೆಸುವ ‘ಆಪರೇಷನ್ಸ್’ ಎರಡನ್ನೂ ಕೂಡಿಸಿದ ‘ಡೆವ್‌ಆಪ್ಸ್’ ಎಂಬ ಹೆಸರು ಚಾಲ್ತಿಗೆ ಬಂತು. ತಾಂತ್ರಿಕವಾಗಿ ಈ ವಾದದಲ್ಲಿ ಹುರುಳಿದೆ: ರಾತ್ರಿ ಒಮ್ಮೆ ಎದ್ದವರು ಮರುದಿನ ಬರೆಯುವ ಕೋಡ್‌ನಲ್ಲಿ ಆ ಎಚ್ಚರ ಇರುತ್ತದೆ. ನನ್ನ ತಕರಾರಿರುವುದು ಅದನ್ನು ಅರ್ಧ ಮಾತ್ರ ಎರವಲು ತಂದವರ ಬಗ್ಗೆ. ಕಟ್ಟಿದವರೇ ನಡೆಸಬೇಕಾದರೆ, ಯಾವಾಗ ನಿಲ್ಲಿಸಿ ದುರಸ್ತಿ ಮಾಡಬೇಕೆಂಬ ತೀರ್ಮಾನವೂ ಕಟ್ಟಿದವರಿಗೇ ಸೇರಬೇಕು. ಅನೇಕ ಕಡೆ ಹೊಣೆ ಬಂತು, ಅಧಿಕಾರ ಬರಲಿಲ್ಲ.

ವ್ಯಾಪಾರದ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಇನ್ನೊಂದು ತೊಡಕೂ ಇದೆ. ಕೋಡ್ ಬರೆದವರೇ ಅಸಲಿ ಲೆಕ್ಕಪತ್ರಕ್ಕೆ ಕೈಹಾಕುವಂತಿದ್ದರೆ ವಂಚನೆಗೆ ಬಾಗಿಲು ತೆರೆದಂತೆ ಎಂಬುದು ಆಡಿಟರುಗಳ ಹಳೆಯ ನಿಯಮ. ಅಮೆರಿಕದ 2002ರ ಸರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯ ನಂತರ ಅದು ಇನ್ನಷ್ಟು ಬಿಗಿಯಾಯಿತು. ಹೀಗಾಗಿ ಒಂದು ನಿಯಮ ಡೆವಲಪರನ್ನು ರಾತ್ರಿ ಎಬ್ಬಿಸುತ್ತದೆ, ಇನ್ನೊಂದು ನಿಯಮ ಎದ್ದವರ ಕೈಕಟ್ಟುತ್ತದೆ. ಸಾಮಾನ್ಯವಾಗಿ ಕಂಡುಕೊಂಡಿರುವ ಉಪಾಯವೆಂದರೆ ‘ಬ್ರೇಕ್-ಗ್ಲಾಸ್’: ಕಾರಣ ಬರೆದು, ಇನ್ನೊಬ್ಬರಿಂದ ಒಪ್ಪಿಗೆ ಪಡೆದು, ಒಂದೋ ಎರಡೋ ಗಂಟೆಗೆ ಮಾತ್ರ ಅನುಮತಿ ಪಡೆಯುವುದು. ಆಗ ಒತ್ತಿದ ಪ್ರತಿ ಕೀಲಿಯೂ ದಾಖಲಾಗುತ್ತದೆ. ಒಪ್ಪಿಗೆ ಕೊಡಬೇಕಾದವರೂ ಆ ಹೊತ್ತಿಗೆ ಮಲಗಿರುವುದರಿಂದ, ಒಂದು ದಿನಾಂಕದ ತಪ್ಪಿಗೆ ಇಬ್ಬರು ಎದ್ದಂತಾಗುತ್ತದೆ.

ಫೋನಿನ ಆ್ಯಪ್ ಬರುವ ಮುನ್ನ ಈ ಕೆಲಸ ಮಾಡುತ್ತಿದ್ದದ್ದು ಪೇಜರ್. ಮೊದಲು ವೈದ್ಯರ ಸೊಂಟದಲ್ಲಿದ್ದ ಅದು ಹೋಗಿ ಎಷ್ಟೋ ವರ್ಷಗಳಾದರೂ ‘ನಿನ್ನೆ ರಾತ್ರಿ ಎರಡು ಸಲ ಪೇಜ್ ಆಯಿತು’ ಎಂಬ ಮಾತು ಉಳಿದಿದೆ. ವೈದ್ಯರನ್ನು ಎಬ್ಬಿಸುವ ಮುನ್ನ ನರ್ಸ್ ಒಮ್ಮೆ ಯೋಚಿಸುತ್ತಾರೆ. ಇಲ್ಲಿ ಎಬ್ಬಿಸುವುದು ಅಳತೆಗೋಲು. ಡಿಸ್ಕ್ ಶೇ 80 ತುಂಬಿದರೆ ಕೂಗು ಎಂದು ಯಾರೋ ಎಂದೋ ಬರೆದಿಟ್ಟಿರುತ್ತಾರೆ, ಡಿಸ್ಕ್ ಪ್ರತಿ ರಾತ್ರಿ ಬ್ಯಾಕಪ್ ವೇಳೆ ಶೇ 81ಕ್ಕೆ ಏರಿ ತಾನೇ ಇಳಿಯುತ್ತದೆ, ರಾತ್ರಿಯಿಡೀ ಫೋನು ಅರಚುತ್ತದೆ. ಸುಳ್ಳು ಕೂಗಿಗೆ ಒಗ್ಗಿದ ಕಿವಿ ನಿಜವಾದ ಕೂಗನ್ನೂ ದಾಟಿಸಿಬಿಡುತ್ತದೆ. 2003ರಲ್ಲಿ ಇದಕ್ಕೆಂದೇ ಎಂಜಿನಿಯರುಗಳ ಪ್ರತ್ಯೇಕ ತಂಡ ಕಟ್ಟಲು ತೊಡಗಿದ ಗೂಗಲ್, ಒಂದು ಪಾಳಿಗೆ ಹೆಚ್ಚೆಂದರೆ ಎರಡು ಘಟನೆಗಳು, ಇಂಥ ನಿರ್ವಹಣೆಗೆ ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚು ಹೋಗಬಾರದು ಎಂಬ ಮಿತಿಗಳನ್ನು ಮುಂದಿಟ್ಟಿತು. ಮಿತಿ ದಾಟಿದರೆ ಹೊಸ ಸೌಲಭ್ಯಗಳ ಕೆಲಸ ಬಿಟ್ಟು ಮೊದಲು ಇದ್ದದ್ದನ್ನು ಸರಿಪಡಿಸಬೇಕು. ನಾಲ್ಕೇ ಜನರ ತಂಡದಲ್ಲಿ ಪಾಳಿಯೆಂದರೆ ತಿಂಗಳಿಗೊಂದು ಇಡೀ ವಾರ, ಅಲ್ಲಿ ಈ ಮಿತಿಗಳನ್ನು ಗೋಡೆಗೆ ಅಂಟಿಸಬಹುದಷ್ಟೇ. ದೊಡ್ಡ ಕಂಪನಿಗಳು ಬೇರೆ ಬೇರೆ ಖಂಡಗಳಲ್ಲಿ ತಂಡಗಳನ್ನಿಟ್ಟು, ಹಗಲಿರುವ ಕಡೆಗೆ ಟಿಕೆಟ್ ಸರಿಸುವ ‘ಫಾಲೋ ದಿ ಸನ್’ ಪದ್ಧತಿಯಿಂದ ಈ ಕಷ್ಟವನ್ನು ತಕ್ಕಮಟ್ಟಿಗೆ ದಾಟುತ್ತವೆ.

ಕಾದ ರಾತ್ರಿಗೆ ಕೂಲಿ ಇದೆಯೇ ಎಂಬುದು ಎಲ್ಲಕ್ಕಿಂತ ಗೋಜಲಿನ ಪ್ರಶ್ನೆ. ಕೆಲವು ಕಂಪನಿಗಳು ಸರದಿಯ ವಾರಕ್ಕೆ ಇಂತಿಷ್ಟು ಭತ್ಯೆ ಕೊಡುತ್ತವೆ, ಕೆಲವು ಎದ್ದ ರಾತ್ರಿಗೆ ಬದಲಿ ರಜೆ ಕೊಡುತ್ತವೆ, ಇನ್ನು ಕೆಲವು ಎಲ್ಲವೂ ಸಂಬಳದಲ್ಲೇ ಸೇರಿದೆ ಎನ್ನುತ್ತವೆ. ಅಮೆರಿಕದ ಕಾನೂನು ಗಂಟೆಗೆ 27.63 ಡಾಲರ್ ಅಥವಾ ಅದಕ್ಕೂ ಹೆಚ್ಚು ಪಡೆಯುವ ಪ್ರೋಗ್ರಾಮರ್‌ಗಳನ್ನು ಓವರ್‌ಟೈಂ ನಿಯಮದಿಂದ ಹೊರಗಿಟ್ಟಿದೆ. 1990ರ ದಶಕದಲ್ಲಿ ನಿಗದಿಯಾದ ಆ ಅಂಕಿ ಇಂದಿಗೂ ಹಾಗೆಯೇ ಇದೆ. ಯುರೋಪಿನ ನ್ಯಾಯಾಲಯ 2018ರಲ್ಲಿ, ಕರೆ ಬಂದರೆ 8 ನಿಮಿಷದೊಳಗೆ ಠಾಣೆ ತಲುಪಬೇಕಿದ್ದ ಬೆಲ್ಜಿಯಂನ ಅಗ್ನಿಶಾಮಕ ಸ್ವಯಂಸೇವಕರೊಬ್ಬರ ಪ್ರಕರಣದಲ್ಲಿ, ಅಷ್ಟು ಬಿಗಿಯಾಗಿ ಕಟ್ಟಿಹಾಕಿದರೆ ಮನೆಯಲ್ಲಿ ಕಾದ ಹೊತ್ತೂ ಕೆಲಸದ ಹೊತ್ತೇ ಎಂದು ತೀರ್ಪು ಕೊಟ್ಟಿತು. ಸಾಫ್ಟ್‌ವೇರ್‌ನವರು ಐದು ನಿಮಿಷದೊಳಗೆ ಕರೆ ಒಪ್ಪಿಕೊಳ್ಳಬೇಕೆಂಬ ಗಡುವು ಆ ಸಾಲಿಗೆ ಸೇರುತ್ತದೆಯೇ ಎಂದು ಕೇಳುವುದು ಸಹಜ, ಆದರೆ ಅವರು ಎಲ್ಲಿಗೂ ಓಡಬೇಕಿಲ್ಲ, ಲ್ಯಾಪ್‌ಟಾಪ್ ತೆರೆದರೆ ಸಾಕು. ಹೋಲಿಕೆ ಪೂರ್ತಿ ಕೂಡುವುದಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದಿರುವ ಹಕ್ಕಿನ ಕುರಿತು ಫ್ರಾನ್ಸ್ 2017ರ ಜನವರಿಯಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ಕಾನೂನು ಜಾರಿಗೆ ತಂದವು. ಇವು ಮುಖ್ಯವಾಗಿ ತಡೆಯುವುದು ಸರದಿಯಲ್ಲಿಲ್ಲದವರಿಗೆ ಬರುವ ಸಂದೇಶಗಳನ್ನು. ರೋಸ್ಟರ್‌ನಲ್ಲಿ ಹೆಸರಿದ್ದು ಭತ್ಯೆಯನ್ನೂ ಪಡೆದವರ ಫೋನನ್ನಲ್ಲ.

ಅಂದು ಸ್ಟ್ಯಾಂಡ್-ಅಪ್‌ನಲ್ಲಿ ರಾತ್ರಿಯ ಘಟನೆ ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ. ದಿನಾಂಕವನ್ನು ತುಂಬುವ ಪುಟದಲ್ಲೇ ಒಂದು ತಪಾಸಣೆ ಸೇರಿಸಿದರೆ ತೊಂದರೆ ಶಾಶ್ವತವಾಗಿ ತೀರುತ್ತದೆ, ಎರಡು ದಿನದ ಕೆಲಸ, ಟೆಸ್ಟಿಂಗ್ ಸೇರಿ ಮೂರು. ಟಿಕೆಟ್ ತೆರೆದು ಹುಡುಕಿದಾಗ ಅದೇ ವಿಷಯದ ಹಳೆಯ ಟಿಕೆಟ್ ಒಂದು ಆಗಲೇ ಇರುವುದು ಕಾಣುತ್ತದೆ. ‘ತಾತ್ಕಾಲಿಕ ಪರಿಹಾರ ಲಭ್ಯವಿದೆ’ ಎಂಬ ಕಾರಣಕ್ಕೆ ಅದರ ದರ್ಜೆಯನ್ನು ಪಿ-ಒನ್‌ನಿಂದ ಪಿ-ತ್ರೀಗೆ ಇಳಿಸಲಾಗಿದೆ. ಹೊಸದನ್ನು ಹಳೆಯದಕ್ಕೆ ಜೋಡಿಸಿ ಮುಚ್ಚುತ್ತಾರೆ. ರಾತ್ರಿ ಬರೆದ ನಾಲ್ಕು ಸಾಲುಗಳು, ದಾಖಲೆಯನ್ನು ಬದಿಗಿಟ್ಟು ಬ್ಯಾಚನ್ನು ಮತ್ತೆ ಓಡಿಸುವ ಕ್ರಮ, ಮುಂದಿನ ತಿಂಗಳ ಸರದಿಯವರಿಗಾಗಿ ರನ್‌ಬುಕ್‌ಗೆ ಸೇರುತ್ತವೆ.